ದಿನಾ ಹೊಸ ಜಾಗ, ಅದೇ ಟೆಂಟು: ದೂರದ ಸೈಕಲ್ ಪ್ರವಾಸದಲ್ಲಿ ನೆಮ್ಮದಿಯಾಗಿ ಮಲಗುವುದು ಹೇಗೆ

ಸೈಕಲ್ ತುಳಿಯುವುದಕ್ಕೆ ನಾನು 6 ತಿಂಗಳು ತಯಾರಿ ಮಾಡಿದ್ದೆ. ಟೆಂಟಿನಲ್ಲಿ ಮಲಗುವುದಕ್ಕೆ ಒಂದು ರಾತ್ರಿಯೂ ತಯಾರಾಗಿರಲಿಲ್ಲ. ಹೊರಟ 4ನೇ ದಿನ ಕತ್ತಲಾದ ಮೇಲೆ ಜಾಗ ಸಿಕ್ಕಿತು. ತಲೆಗೆ ಕಟ್ಟುವ ಹೆಡ್‌ಲ್ಯಾಂಪ್ ಯಾವ ಬ್ಯಾಗಿನ ತಳದಲ್ಲಿದೆ ಅಂತ ನೆನಪಿಲ್ಲ. ಹುಡುಕುತ್ತಾ ನಾಲ್ಕೂ ಬ್ಯಾಗ್ ಖಾಲಿ ಮಾಡಿದೆ. ಅಷ್ಟರಲ್ಲಿ ಮಳೆ ಹಿಡಿಯಿತು. ಒದ್ದೆ ಸ್ಲೀಪಿಂಗ್ ಬ್ಯಾಗ್ ಹೊದ್ದು ಕೂತು ಅತ್ತುಬಿಟ್ಟೆ. ಆಮೇಲಿನ 4 ತಿಂಗಳಲ್ಲಿ ಅಂಥ ರಾತ್ರಿ ಮತ್ತೆ ಬರಲಿಲ್ಲ. ಟೆಂಟ್ ಅದೇ ಇತ್ತು, ಮಳೆಯೂ ಬರುತ್ತಿತ್ತು. ನಾನು ಸಂಜೆ ಕೆಲಸ ಮಾಡುವ ಕ್ರಮ ಮಾತ್ರ ಬದಲಾಗಿತ್ತು.

ಮೊದಲನೆಯದಾಗಿ, ಬೇಗ ನಿಲ್ಲಿ. ಸೂರ್ಯ ಮುಳುಗಲು 2 ಗಂಟೆ ಇರುವಾಗಲೇ ಜಾಗ ನೋಡಲು ಶುರು ಮಾಡಿ. ಇನ್ನೊಂದು 10 ಕಿಲೋಮೀಟರ್ ಹೋಗಬಹುದು ಅನ್ನಿಸುತ್ತದೆ, ಹೋಗಬೇಡಿ. ದಾರಿಯಲ್ಲಿ ಕೊನೆಯದಾಗಿ ನೀರು ಸಿಗುವ ಕಡೆ 4-5 ಲೀಟರ್ ತುಂಬಿಸಿಕೊಳ್ಳಿ. ಆಗ ನೀರಿನ ಪಕ್ಕದಲ್ಲೇ ಉಳಿಯಬೇಕೆಂಬ ಒತ್ತಡ ಇರುವುದಿಲ್ಲ. ಜಾಗದ ಒಡೆಯರು ಹತ್ತಿರದಲ್ಲಿದ್ದರೆ ಕೇಳಿಯೇ ಟೆಂಟ್ ಹಾಕಿ. ಒಪ್ಪಿಗೆ ಸಿಕ್ಕ ಜಾಗದಲ್ಲಿ ಬರುವ ನಿದ್ದೆಯೇ ಬೇರೆ.

ಕಣ್ಣಿಗೆ ಚೆಂದ ಕಾಣುವ ಹಳ್ಳದ ತಗ್ಗು ಮಲಗಲು ಒಳ್ಳೆಯ ಜಾಗವಲ್ಲ. ತಣ್ಣನೆಯ ಗಾಳಿ ಭಾರ, ರಾತ್ರಿ ಅದು ಇಳಿದು ತಗ್ಗಿನಲ್ಲೇ ನಿಲ್ಲುತ್ತದೆ. ಕೆಲವೇ ಮೀಟರ್ ಮೇಲೆ ಹೋದರೂ ಚಳಿ, ಇಬ್ಬನಿ ಎರಡೂ ಕಡಿಮೆ. ಒಣಗಿದ ಹೊಳೆಯ ಪಾತ್ರದಲ್ಲಿ ಅಂತೂ ಬೇಡವೇ ಬೇಡ, ಮಳೆ ಇನ್ನೆಲ್ಲೋ ಸುರಿದರೂ ನೀರು ಇಲ್ಲಿಗೆ ಬರಬಹುದು. ಮರದ ಕೆಳಗೆ ಇಬ್ಬನಿ ಕಡಿಮೆ ಬೀಳುತ್ತದೆ, ಆದರೆ ಮೊದಲು ತಲೆ ಎತ್ತಿ ಒಣಕೊಂಬೆ ಇದೆಯಾ ನೋಡಿ. ಗೂಟ ಹೊಡೆಯುವ ಮೊದಲು ಬರೀ ನೆಲದ ಮೇಲೆ ಒಂದು ನಿಮಿಷ ಮಲಗಿ ನೋಡಿ. ಸ್ವಲ್ಪ ಇಳಿಜಾರು ಇದ್ದರೆ ತಲೆ ಮೇಲಿನ ಕಡೆಗಿರಲಿ.

ಇನ್ನು ನಿದ್ದೆ. ಹೊಸ ಜಾಗದ ಮೊದಲ ರಾತ್ರಿ ಮಿದುಳಿನ ಒಂದು ಭಾಗ ಪೂರ್ತಿ ಮಲಗದೆ ಎಚ್ಚರದಲ್ಲಿರುತ್ತದೆ ಎಂದು ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದರು. ನಮಗೋ ದಿನವೂ ಮೊದಲ ರಾತ್ರಿಯೇ, ಅಲ್ವಾ? ಹಾಗಾಗಿ ಹೊರಗಿನ ಜಾಗ ಬದಲಾದರೂ ಟೆಂಟಿನ ಒಳಗೆ ಏನೂ ಬದಲಾಗದ ಹಾಗೆ ನೋಡಿಕೊಂಡೆ. ಹೆಡ್‌ಲ್ಯಾಂಪ್ ಬಲಗಡೆಯ ಜೇಬಿನಲ್ಲಿ, ನೀರಿನ ಬಾಟಲಿ ಎಡಗಡೆ, ಚಪ್ಪಲಿ ಬಾಗಿಲ ಹೊರಗೆ. ಟೆಂಟ್, ಮ್ಯಾಟ್, ಬಟ್ಟೆ, ಅಡುಗೆ, ದಿನವೂ ಇದೇ ಕ್ರಮ. ಸುಮಾರು 10ನೇ ದಿನದ ಹೊತ್ತಿಗೆ ಯೋಚನೆ ಮಾಡದೆ ಕೈಯೇ ಕೆಲಸ ಮಾಡತೊಡಗಿತು. ಜಿಪ್ ಎಳೆದರೆ ಸಾಕು, ಮನೆಗೆ ಬಂದ ಹಾಗೆ ಆಗುತ್ತಿತ್ತು.

ಟೆಂಟ್ ನಿಂತ ಕೂಡಲೇ ಬೆವರಿನ ಚಡ್ಡಿ ಬದಲಿಸಿ. ಒಂದು ಲೋಟ ನೀರಾದರೂ ಸರಿ, ಒದ್ದೆ ಬಟ್ಟೆಯಿಂದ ಮುಖ, ಕಂಕುಳು, ತೊಡೆಸಂದು, ಪಾದ ಒರೆಸಿಕೊಳ್ಳಿ. ಇದನ್ನು ಬಿಟ್ಟರೆ ಸೀಟಿಗೆ ತಾಗುವ ಕಡೆ ಹುಣ್ಣಾಗುತ್ತದೆ. ಮಲಗಲು ಮಾತ್ರ ಅಂತ ಒಂದು ಜೊತೆ ಒಣ ಬಟ್ಟೆ, ಒಂದು ಜೊತೆ ಸಾಕ್ಸ್ ಎತ್ತಿಡಿ. ಏನೇ ಆದರೂ ಅವನ್ನು ಹಾಕಿಕೊಂಡು ಸೈಕಲ್ ಏರಬೇಡಿ.

ಚಳಿ ಜಾಸ್ತಿ ಬರುವುದು ಕೆಳಗಿನಿಂದ. ಮೈಭಾರಕ್ಕೆ ಸ್ಲೀಪಿಂಗ್ ಬ್ಯಾಗಿನ ತಳ ಚಪ್ಪಟೆಯಾಗಿ ಬೆಚ್ಚಗಿಡುವುದನ್ನೇ ಬಿಡುತ್ತದೆ. ಅಲ್ಲಿ ನಿಮ್ಮನ್ನು ಕಾಯುವುದು ಮ್ಯಾಟ್. ದುಡ್ಡು ಉಳಿಸಬೇಕಾದರೆ ಬೇರೆ ಎಲ್ಲಾದರೂ ಉಳಿಸಿ. ಗಾಳಿ ತುಂಬುವ ಮ್ಯಾಟನ್ನು ಬಿಸಿಲಿನಲ್ಲಿ ಬಿಗಿಯಾಗಿ ಬಿಡಬೇಡಿ, ಒಳಗಿನ ಗಾಳಿ ಹಿಗ್ಗಿ ಅಂಟು ಬಿಡುತ್ತದೆ.

ಬೆಳಿಗ್ಗೆ ಟೆಂಟಿನ ಒಳಗೋಡೆ ಒದ್ದೆಯಾಗಿದ್ದರೆ ಟೆಂಟ್ ಸೋರಿತು ಅಂದುಕೊಳ್ಳಬೇಡಿ. ಅದು ನಿಮ್ಮ ಉಸಿರಿನ ತೇವ. ತಣ್ಣನೆಯ ಬಟ್ಟೆಗೆ ತಾಗಿ ನೀರಾಗಿರುತ್ತದೆ. ಚಳಿ ಅಂತ ಎಲ್ಲಾ ಕಿಂಡಿ ಮುಚ್ಚಿದಷ್ಟೂ ಜಾಸ್ತಿ ಒದ್ದೆ. ಮೇಲಿನ ಕಿಂಡಿ ತೆರೆದೇ ಇರಲಿ, ಬಾಗಿಲ ಜಿಪ್ಪನ್ನೂ ಒಂದು ಗೇಣು ಬಿಡಿ. ಟೆಂಟಿನ ಕೆಳಗೆ ಹಾಸುವ ಶೀಟು ಟೆಂಟಿಗಿಂತ ಹೊರಗೆ ಚಾಚಬಾರದು, ಚಾಚಿದರೆ ಮಳೆ ನೀರನ್ನು ಹಿಡಿದು ಒಳಗೆ ತರುತ್ತದೆ. ಎಷ್ಟೇ ಮಳೆ ಬರಲಿ, ಟೆಂಟಿನ ಒಳಗೆ ಸ್ಟವ್ ಹಚ್ಚಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಗೊತ್ತಾಗುವ ಮೊದಲೇ ಜೀವ ಹೋಗುತ್ತದೆ.

ರಾತ್ರಿಯ ಸದ್ದಿಗೆ ಹೆದರುವುದು ಸಹಜ. ನಾನು ಮೊದಲ ವಾರ ಪ್ರತಿ ಸರಸರ ಸದ್ದಿಗೂ ಎದ್ದು ಕೂರುತ್ತಿದ್ದೆ. ಬೆಳಕಿರುವಾಗಲೇ ಸುತ್ತ ಒಂದು ಸುತ್ತು ನಡೆದು ಬಂದರೆ ಹೆದರಿಕೆ ತುಂಬಾ ಇಳಿಯುತ್ತದೆ. ಆ ಕಡೆ ಪೊದೆ, ಈ ಕಡೆ ಬೇಲಿ ಅಂತ ಮನಸ್ಸಿಗೆ ಗೊತ್ತಿರುತ್ತದೆ. ತಿನ್ನುವ ವಸ್ತು ಟೆಂಟಿನ ಒಳಗೆ ಇಡಬೇಡಿ. ಸೈಕಲನ್ನು ಮರಕ್ಕೆ ಬೀಗ ಹಾಕಿ, ಟೆಂಟಿನ ಒಂದು ಹಗ್ಗವನ್ನು ಸೈಕಲಿಗೇ ಕಟ್ಟಿ. ಯಾರಾದರೂ ಮುಟ್ಟಿದರೆ ಟೆಂಟ್ ಅಲುಗುತ್ತದೆ.

ವಾರಕ್ಕೊಮ್ಮೆ ಸೂರಿನ ಕೆಳಗೆ, ಹಾಸಿಗೆ ಮೇಲೆ ಮಲಗಿ. ಅದನ್ನು ಸೋಲು ಅಂದುಕೊಳ್ಳಬೇಡಿ. ಬಟ್ಟೆ ಒಗೆದು, ಎಲ್ಲವನ್ನೂ ಒಣಗಿಸಿ, ಚಾರ್ಜ್ ಮಾಡಿಕೊಳ್ಳಿ.

ಉಳಿದ ದಿನಗಳಲ್ಲಿ ಟೆಂಟನ್ನು ಒದ್ದೆಯಾಗಿಯೇ ಮಡಚಿ ಹೊರಟರೂ ಪರವಾಗಿಲ್ಲ. ಮಧ್ಯಾಹ್ನ ಊಟಕ್ಕೆ ನಿಂತಾಗ ಬಿಚ್ಚಿ ಸೈಕಲ್ ಮೇಲೆ ಹರವಿ. ಗಾಳಿ ಬಿಸಿಲು ಇದ್ದರೆ 20 ನಿಮಿಷದಲ್ಲಿ ಒಣಗುತ್ತದೆ. ಮರೆತರೆ ಸಂಜೆ ಒದ್ದೆ ಟೆಂಟಿನಲ್ಲೇ ಮಲಗಬೇಕು. ಅದಕ್ಕೇ ನಾನು ಊಟದ ಡಬ್ಬಿಯನ್ನು ಬ್ಯಾಗಿನಲ್ಲಿ ಮಡಚಿದ ಟೆಂಟಿನ ಕೆಳಗೆ ಇಡುತ್ತಿದ್ದೆ. ಟೆಂಟ್ ಹೊರತೆಗೆಯದೆ ಊಟ ಕೈಗೆ ಸಿಗುತ್ತಿರಲಿಲ್ಲ.