ಹೊಳೆಯ ಆಚೆ, ಹೊಳೆಯ ಈಚೆ: ಎರಡು ವಲಯಗಳ ಕಾಲೇಜು ಲೀಗಿನಲ್ಲಿ ಬಲಾಬಲವನ್ನು ಸರಿದೂಗಿಸುವ ಬಗೆ

ನಮ್ಮ ಭಾಗದ ಹತ್ತು ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರು ಸೇರಿ ಒಂದು ಆಹ್ವಾನಿತ ಕಬಡ್ಡಿ ಲೀಗ್ ನಡೆಸೋಣವೆಂದು ಕುಳಿತರೆ, ಚಹಾ ಬರುವ ಮೊದಲೇ ಯಾರಾದರೊಬ್ಬರು ತುಂಗಭದ್ರೆಯ ಹೆಸರು ತೆಗೆಯುತ್ತಾರೆ. ಹೊಳೆಯ ಈಚೆ ಬಳ್ಳಾರಿ, ಸಂಡೂರು, ಸಿರುಗುಪ್ಪ, ಕಂಪ್ಲಿ, ಹೊಸಪೇಟೆ. ಆಚೆ ಕೊಪ್ಪಳ, ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ. ಐದಕ್ಕೆ ಐದು ಸರಿಯಾಯಿತು, ಬಸ್ಸಿನ ಖರ್ಚೂ ಉಳಿಯಿತು ಎಂದು ಎಲ್ಲರೂ ತಲೆಯಾಡಿಸಿ ಎದ್ದುಬಿಡುತ್ತಾರೆ. ಆಮೇಲೆ ಮೂರು ವರ್ಷ ಒಂದೇ ದಂಡೆಯ ತಂಡ ಟ್ರೋಫಿ ಎತ್ತಿಕೊಂಡು ಹೋದಾಗ, ಇನ್ನೊಂದು ದಂಡೆಯವರು ಅಂಪೈರನ್ನು ಬೈಯುತ್ತಾರೆ, ಮ್ಯಾಟನ್ನು ಬೈಯುತ್ತಾರೆ, ನಾಲ್ಕನೆಯ ವರ್ಷ ಬರುವುದನ್ನೇ ಬಿಡುತ್ತಾರೆ. ತಪ್ಪು ಅಂಕಣದಲ್ಲಿ ನಡೆದಿರುವುದಿಲ್ಲ, ವಲಯಗಳನ್ನು ಹಂಚಿದ ಮೇಜಿನ ಮೇಲೆ ನಡೆದಿರುತ್ತದೆ. ಅಂತಹ ಹಂಚಿಕೆಯನ್ನು ಮೊದಲೇ ಹೇಗೆ ಪರೀಕ್ಷಿಸಬೇಕು, ಆಗಲೇ ವಾಲಿದ್ದರೆ ಹೇಗೆ ನೆಟ್ಟಗಾಗಿಸಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಈ ಕಾಯಿಲೆಯನ್ನು ಅತ್ಯಂತ ಸ್ಪಷ್ಟವಾಗಿ ತೋರಿಸಿದ ಆಟ ನಮ್ಮದಲ್ಲ, ಅಮೆರಿಕದ ಕಾಲೇಜು ಫುಟ್‌ಬಾಲ್. ನಾವು ಕಾಲಿನಲ್ಲಿ ಆಡುವ ಫುಟ್‌ಬಾಲ್ ಅಲ್ಲ ಅದು. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗಳ ಗೋಡೆಯನ್ನು ಭೇದಿಸಿ ಓಡುವ ಆಟ. ಅಲ್ಲಿ ವಿಶ್ವವಿದ್ಯಾಲಯಗಳು ಕಾನ್ಫರೆನ್ಸ್ ಎಂಬ ಕೂಟಗಳಲ್ಲಿ ಸೇರಿ ಆಡುತ್ತವೆ. ಕನಿಷ್ಠ 12 ತಂಡಗಳಿದ್ದು, ಅವು ಎರಡು ವಿಭಾಗಗಳಾಗಿದ್ದರೆ ಮಾತ್ರ ಕೂಟವೊಂದು ತನ್ನದೇ ಫೈನಲ್ ನಡೆಸಬಹುದೆಂಬ ನಿಯಮ ಬಹುಕಾಲ ಇತ್ತು. ಉನ್ನತ ಮಟ್ಟದಲ್ಲಿ ಅದನ್ನು ಮೊದಲು ಬಳಸಿಕೊಂಡದ್ದು ಸೌತ್ಈಸ್ಟರ್ನ್ ಕಾನ್ಫರೆನ್ಸ್, 1992ರಲ್ಲಿ. ಬಿಗ್ ಟೆನ್ ಎಂಬ ಇನ್ನೊಂದು ಕೂಟ 2011ರಲ್ಲಿ ಲೆಜೆಂಡ್ಸ್ ಮತ್ತು ಲೀಡರ್ಸ್ ಎಂದು ವಿಭಾಗಗಳಿಗೆ ಹೆಸರಿಟ್ಟು ನಗೆಪಾಟಲಾಯಿತು. ಯಾವ ತಂಡ ಯಾವುದರಲ್ಲಿದೆ ಎಂದು ನೆನಪಿಟ್ಟುಕೊಳ್ಳುವುದೇ ಅಭಿಮಾನಿಗಳಿಗೆ ಕಷ್ಟವಾಗಿತ್ತು. 2014ರಲ್ಲಿ ಅದು ನಕ್ಷೆಯನ್ನು ನೋಡಿ ಪೂರ್ವ, ಪಶ್ಚಿಮ ಎಂದು ಹಂಚಿತು. ಓಹಿಯೊ ಸ್ಟೇಟ್, ಮಿಷಿಗನ್, ಪೆನ್ ಸ್ಟೇಟ್, ಮಿಷಿಗನ್ ಸ್ಟೇಟ್ ಎಂಬ ನಾಲ್ಕು ಘಟಾನುಘಟಿಗಳೂ ಪೂರ್ವಕ್ಕೆ ಬಿದ್ದವು. ಅಂದಿನಿಂದ 2023ರವರೆಗೆ ನಡೆದ 10 ಫೈನಲ್‌ಗಳಲ್ಲಿ ಹತ್ತನ್ನೂ ಪೂರ್ವವೇ ಗೆದ್ದಿತು. 2014ರದ್ದು 59-0, ಕೊನೆಯದು 26-0.

ಹೊಳೆ ಹಾದುಹೋದ ಕಡೆ ಗೆರೆ ಎಳೆದವರಿಗೆ ಇದಕ್ಕಿಂತ ಹೆಚ್ಚಿನ ಎಚ್ಚರಿಕೆ ಬೇಕಿಲ್ಲ.

ಮೊದಲ ಕೆಲಸ: ತಂಡಗಳಿಗೆ ಕ್ರಮಾಂಕ ಕೊಡುವುದು

ಕಳೆದ 3 ವರ್ಷಗಳ ಫಲಿತಾಂಶಗಳನ್ನು ಒಟ್ಟುಮಾಡಿ. ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಕಾಲೇಜುಗಳು ಈಗ ಬೇರೆ ಬೇರೆ ವಿಶ್ವವಿದ್ಯಾಲಯಗಳಿಗೆ ಹಂಚಿಹೋಗಿರುವುದರಿಂದ ಎಲ್ಲ ದಾಖಲೆಯೂ ಒಂದೇ ಕಡೆ ಸಿಗುವುದಿಲ್ಲ; ಪ್ರತಿ ಕಾಲೇಜಿನಿಂದಲೇ ಕೇಳಿ ಪಡೆಯಬೇಕು. ಅಂತರ ಕಾಲೇಜು ಪಂದ್ಯಾವಳಿಗಳು ಹೆಚ್ಚಾಗಿ ನಾಕೌಟ್ ಮಾದರಿಯವು ಎಂಬುದನ್ನು ಮರೆಯಬೇಡಿ. ಮೊದಲ ಸುತ್ತಿನಲ್ಲೇ ಹೊರಬಿದ್ದ ತಂಡ ದುರ್ಬಲವೆಂದು ಬರೆದುಕೊಳ್ಳುವ ಮೊದಲು, ಅದು ಯಾರಿಗೆ ಸೋತಿತು, ಎಷ್ಟು ಅಂಕಗಳಿಂದ ಸೋತಿತು ಎಂದು ಕೇಳಿ. ಚಾಂಪಿಯನ್ನರೆದುರು ಎರಡು ಅಂಕದಿಂದ ಸೋತು ಮನೆಗೆ ಹೋದ ತಂಡಕ್ಕೆ ಸೆಮಿಫೈನಲ್ ತಲುಪಿದ ತಂಡದಷ್ಟೇ ಬೆಲೆ ಕೊಡಬಹುದು.

ಕಳೆದ ವರ್ಷದ ಸಾಧನೆಗೆ 3 ಪಾಲು, ಅದರ ಹಿಂದಿನದಕ್ಕೆ 2, ಅದಕ್ಕೂ ಹಿಂದಿನದಕ್ಕೆ 1 ಪಾಲು ತೂಕ ಕೊಟ್ಟು ಕೂಡಿಸಿ, ಒಂದರಿಂದ ಹತ್ತರವರೆಗೆ ಪಟ್ಟಿ ಮಾಡಿ. ಬಳಿಕ ಪ್ರತಿ ಕಾಲೇಜಿಗೂ ಒಂದೇ ಪ್ರಶ್ನೆ: ಕಳೆದ ವರ್ಷ ಅಂಕಣಕ್ಕಿಳಿದ 7 ಮಂದಿಯಲ್ಲಿ ಅಂತಿಮ ವರ್ಷದವರು ಎಷ್ಟು ಜನ? ಮೂರು ವರ್ಷದ ಪದವಿಯಲ್ಲಿ ತಂಡ ಹೊಳೆಯ ನೀರಿನಂತೆ ಬದಲಾಗುತ್ತಿರುತ್ತದೆ. ನಾಲ್ವರು ಅಥವಾ ಹೆಚ್ಚಿನವರು ಹೊರಹೋಗಿದ್ದರೆ ಆ ತಂಡವನ್ನು ಎರಡು ಸ್ಥಾನ ಕೆಳಗಿಳಿಸುವುದು ನನ್ನ ರೂಢಿ. ಇದು ಶಾಸ್ತ್ರವಲ್ಲ, ಅಂದಾಜು; ಆದರೆ ಎಲ್ಲರಿಗೂ ಒಂದೇ ಅಂದಾಜು ಅನ್ವಯಿಸಿದರೆ ಜಗಳ ಬರುವುದಿಲ್ಲ.

ಎರಡನೆಯದು: ಹಂಚಿಕೆ

ಬಲವನ್ನು ಸಮವಾಗಿ ಹಂಚಲು ಹಾವಿನ ನಡೆ ಸುಲಭದ ದಾರಿ. ಒಂದನೆಯ ತಂಡ ಎ ವಲಯಕ್ಕೆ. ಎರಡು, ಮೂರು ಬಿ ವಲಯಕ್ಕೆ. ನಾಲ್ಕು, ಐದು ಎ ವಲಯಕ್ಕೆ. ಆರು, ಏಳು ಬಿ ವಲಯಕ್ಕೆ. ಎಂಟು, ಒಂಬತ್ತು ಎ ವಲಯಕ್ಕೆ. ಹತ್ತನೆಯದು ಬಿ ವಲಯಕ್ಕೆ. ಕ್ರಮಾಂಕಗಳನ್ನು ಕೂಡಿಸಿದರೆ ಒಂದು ಕಡೆ 27, ಇನ್ನೊಂದು ಕಡೆ 28. ಬೆಸ ಸಂಖ್ಯೆಗಳು ಒಂದು ಕಡೆ, ಸಮ ಸಂಖ್ಯೆಗಳು ಇನ್ನೊಂದು ಕಡೆ ಎಂದು ಹಂಚಿದರೆ 25 ಮತ್ತು 30 ಆಗುತ್ತದೆ. ನೋಡಲು ನ್ಯಾಯವಾಗಿ ಕಂಡರೂ ಪ್ರತಿ ಜೋಡಿಯಲ್ಲೂ ಮೇಲಿನದು ಒಂದೇ ಕಡೆಗೆ ಹೋಗಿರುತ್ತದೆ.

ಆದರೆ ಹಾವು ದೂರವನ್ನು ನೋಡುವುದಿಲ್ಲ. ಮಾನ್ವಿಯ ಹುಡುಗರನ್ನು ಸಂಡೂರಿಗೆ, ಸಂಡೂರಿನವರನ್ನು ಸಿಂಧನೂರಿಗೆ ಓಡಾಡಿಸಿದರೆ ಕಾಲೇಜಿನ ಕ್ರೀಡಾ ನಿಧಿ ಟಿಎ-ಡಿಎಗೇ ಕರಗಿಹೋಗುತ್ತದೆ. ಆದ್ದರಿಂದ ನನ್ನ ಸಲಹೆ, ಹೊಳೆಯ ಗೆರೆಯನ್ನೇ ಇಟ್ಟುಕೊಂಡು ದಂಡೆಯ ಮೇಲಿನ ಊರುಗಳನ್ನು ಮಾತ್ರ ಅದಲುಬದಲು ಮಾಡುವುದು. ಕಂಪ್ಲಿಗೆ ಬಳ್ಳಾರಿಗಿಂತ ಗಂಗಾವತಿ ಹತ್ತಿರ. ಹೊಸಪೇಟೆಯಿಂದ ಬಳ್ಳಾರಿ ಸುಮಾರು 60 ಕಿಲೋಮೀಟರ್ ಇದ್ದರೆ ಕೊಪ್ಪಳ ಅದಕ್ಕಿಂತ ಬಹಳ ಸಮೀಪ, ರೈಲೂ ಇದೆ. ಅಂದರೆ ಕಂಪ್ಲಿ ಅಥವಾ ಹೊಸಪೇಟೆಯ ಪ್ರಬಲ ತಂಡವನ್ನು ಆಚೆಯ ವಲಯಕ್ಕೆ ಕೊಟ್ಟು, ಕೊಪ್ಪಳದ್ದೋ ಗಂಗಾವತಿಯದ್ದೋ ಸಾಧಾರಣ ತಂಡವನ್ನು ಈಚೆಗೆ ತೆಗೆದುಕೊಂಡರೆ ಹೆಚ್ಚಿನ ಖರ್ಚಿಲ್ಲದೆ ತಕ್ಕಡಿ ನೇರವಾಗುತ್ತದೆ. ಒಂದು ಜೋಡಿ ಸಾಲದಿದ್ದರೆ ಎರಡು. ಅದಕ್ಕಿಂತ ಹೆಚ್ಚು ಬೇಕಾಗುವುದು ಅಪರೂಪ. ಕಂಪ್ಲಿಯ ವಿಷಯದಲ್ಲಿ ಒಂದು ಎಚ್ಚರಿಕೆ: ಅಣೆಕಟ್ಟೆಯಿಂದ ಹೊಳೆಗೆ ಹೆಚ್ಚು ನೀರು ಬಿಟ್ಟಾಗ ಅಲ್ಲಿನ ಸೇತುವೆ ಮುಳುಗುತ್ತದೆ, ಸುತ್ತಿ ಬರಬೇಕಾಗುತ್ತದೆ. ಆದ್ದರಿಂದ ಆ ಪಂದ್ಯಗಳನ್ನು ಮಳೆಗಾಲದಲ್ಲಿ ಇಡಬೇಡಿ. ಭತ್ತದ ಕೊಯ್ಲಿನ ವಾರಗಳನ್ನೂ ತಪ್ಪಿಸಿ. ನೀರಾವರಿ ಭಾಗದ ಕಾಲೇಜುಗಳಲ್ಲಿ ಆಗ ಒಳ್ಳೆಯ ರೈಡರ್ ಗದ್ದೆಯಲ್ಲಿರುತ್ತಾನೆ, ಆ ಸೋಲನ್ನು ನೀವು ವಲಯದ ದೌರ್ಬಲ್ಯವೆಂದು ಲೆಕ್ಕ ಬರೆಯುತ್ತೀರಿ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಅಂತರ ವಲಯ ಪಂದ್ಯಗಳು

ವಲಯದೊಳಗೆ ಆಡಿದ ನೂರು ಪಂದ್ಯಗಳೂ ಎರಡು ವಲಯಗಳಲ್ಲಿ ಯಾವುದು ಬಲಿಷ್ಠ ಎಂದು ಹೇಳಲಾರವು. ಅಲ್ಲಿ ಒಬ್ಬರು ಗೆದ್ದರೆ ಅದೇ ವಲಯದ ಇನ್ನೊಬ್ಬರು ಸೋತಿರುತ್ತಾರೆ, ಲೆಕ್ಕ ಅಲ್ಲಿಗಲ್ಲಿಗೇ ಸರಿಹೋಗುತ್ತದೆ. ಎರಡು ವಲಯಗಳನ್ನು ಹೋಲಿಸಬೇಕಾದರೆ ಅವು ಪರಸ್ಪರ ಆಡಲೇಬೇಕು. ಫೈನಲ್ ಒಂದನ್ನೇ ನೆಚ್ಚಿಕೊಂಡ ಸಂಘಟಕರಿಗೆ ವರ್ಷಕ್ಕೆ ಒಂದೇ ಸಾಕ್ಷ್ಯ ಸಿಗುತ್ತದೆ.

ಐದೈದು ತಂಡಗಳ ಎರಡು ವಲಯಗಳಲ್ಲಿ, ವಲಯದೊಳಗೆ ಎಲ್ಲರೂ ಎಲ್ಲರೊಡನೆ ಒಮ್ಮೆ ಆಡಿದರೆ ಒಟ್ಟು 20 ಪಂದ್ಯ. ಪ್ರತಿ ತಂಡವೂ ಇನ್ನೊಂದು ವಲಯದ ಎರಡು ತಂಡಗಳೊಡನೆ ಆಡಿದರೆ ಇನ್ನೂ 10. ಒಟ್ಟು 30 ಪಂದ್ಯಗಳಲ್ಲಿ ಲೀಗ್ ಹಂತ ಮುಗಿಯುತ್ತದೆ. ವಲಯಗಳೇ ಇಲ್ಲದೆ ಎಲ್ಲರನ್ನೂ ಎಲ್ಲರ ಮೇಲೆ ಆಡಿಸಿದರೆ 45 ಬೇಕು. ಆ 10ರಲ್ಲಿ ಮೊದಲ ಐದನ್ನು ಕ್ರಮಾಂಕಕ್ಕೆ ಕ್ರಮಾಂಕ ಹೊಂದಿಸಿ: ಆಚೆಯ ಒಂದನೆಯ ತಂಡಕ್ಕೆ ಈಚೆಯ ಒಂದನೆಯದು, ಎರಡನೆಯದಕ್ಕೆ ಎರಡನೆಯದು, ಹೀಗೆ ಕೊನೆಯವರೆಗೆ. ಉಳಿದ ಐದನ್ನು, ಅದೇ ಜೋಡಿ ಮತ್ತೆ ಬರದಂತೆ ನೋಡಿಕೊಂಡು, ಎಲ್ಲರೆದುರಿಗೆ ಚೀಟಿ ಎತ್ತಿ ತೀರ್ಮಾನಿಸಿ. ಸ್ಥಳದ ವಿಷಯದಲ್ಲಿ ಐದು ಪಂದ್ಯ ಆಚೆ, ಐದು ಈಚೆ ನಡೆಯಲಿ. ಮಣ್ಣಿನ ಅಂಕಣದಲ್ಲಿ ಬೆಳೆದ ಹುಡುಗರು ಮೊದಲ ಸಲ ಶೂ ಹಾಕಿ ಮ್ಯಾಟಿನ ಮೇಲೆ ಇಳಿದಾಗ ಹತ್ತು ನಿಮಿಷ ಕಾಲು ಹುಡುಕುವುದರಲ್ಲೇ ಕಳೆಯುತ್ತಾರೆ. ಸಾಧ್ಯವಿದ್ದರೆ ಅಂತರ ವಲಯ ಪಂದ್ಯಗಳಷ್ಟನ್ನಾದರೂ ಒಂದೇ ಬಗೆಯ ಅಂಕಣದಲ್ಲಿ ಆಡಿಸಿ.

ಈಗ ಅಳತೆ. ಎರಡು ವಲಯಗಳೂ ನಿಜವಾಗಿ ಸಮಬಲದವು ಎಂದಿಟ್ಟುಕೊಂಡು 10 ಸಲ ನಾಣ್ಯ ಚಿಮ್ಮಿದಂತೆ ಲೆಕ್ಕ ಹಾಕಿ. 7-3 ಅಥವಾ ಅದಕ್ಕಿಂತ ವಾಲಿದ ಫಲಿತಾಂಶ ಬರೀ ಅದೃಷ್ಟದಿಂದ ಮೂರು ವರ್ಷಕ್ಕೊಮ್ಮೆ ಬರುತ್ತದೆ. ಅದನ್ನು ನೋಡಿ ಗಾಬರಿಯಾಗಬೇಕಿಲ್ಲ. 8-2 ಅಥವಾ ಅದಕ್ಕಿಂತ ವಾಲಿದ್ದು ಒಂಬತ್ತು ವರ್ಷಕ್ಕೊಮ್ಮೆ; ಅದು ಬಂದರೆ ಕಿವಿ ನಿಮಿರಬೇಕು. ಎರಡು ವರ್ಷ ಸೇರಿ 20ರಲ್ಲಿ ಒಂದು ಕಡೆ 15 ಅಥವಾ ಹೆಚ್ಚು ಗೆದ್ದರೆ, ಅದು ಅದೃಷ್ಟದಿಂದಾಗುವ ಸಾಧ್ಯತೆ ನೂರಕ್ಕೆ ಸುಮಾರು ನಾಲ್ಕು. ಅಲ್ಲಿಗೆ ಅನುಮಾನ ಬಿಟ್ಟು ವಲಯಗಳನ್ನು ಬದಲಿಸಿ. ಅಂಕಗಳ ಅಂತರವನ್ನೂ ಬರೆದಿಡಿ. ಆದರೆ 15ಕ್ಕಿಂತ ಹೆಚ್ಚಿನ ಅಂತರವನ್ನು 15 ಎಂದೇ ಎಣಿಸಿ. ಇಲ್ಲದಿದ್ದರೆ ಪದೇ ಪದೇ ಆಲೌಟ್ ಆದ ಒಂದೇ ತಂಡ ಇಡೀ ವಲಯದ ಲೆಕ್ಕವನ್ನು ಕೆಡಿಸುತ್ತದೆ.

ತಲೆಭಾರವೋ, ಮೈಭಾರವೋ

ಕ್ರಮಾಂಕಕ್ಕೆ ಕ್ರಮಾಂಕ ಹೊಂದಿಸಲು ಹೇಳಿದ್ದು ಇದಕ್ಕಾಗಿ. ಒಂದು ವಲಯದ ಮೊದಲೆರಡು ತಂಡಗಳು ಮಾತ್ರ ಎದುರು ವಲಯದವರನ್ನು ಸೋಲಿಸಿ, ಮೂರು, ನಾಲ್ಕು, ಐದನೆಯವು ಸಮಸಮ ಆಡಿದ್ದರೆ ಆ ವಲಯ ತಲೆಭಾರದ್ದು. ಐದೂ ಜೋಡಿಗಳಲ್ಲಿ ಒಂದೇ ಕಡೆ ಮೇಲಾದರೆ ಮೈಭಾರದ್ದು. ಎರಡಕ್ಕೂ ಮದ್ದು ಬೇರೆ. ತಲೆಭಾರಕ್ಕೆ ಒಂದೇ ಪ್ರಬಲ ತಂಡವನ್ನು ಹೊಳೆ ದಾಟಿಸಿದರೆ ಸಾಕು. ಮೈಭಾರಕ್ಕೆ ಕಾರಣ ಸಾಮಾನ್ಯವಾಗಿ ಅಂಕಣದ ಹೊರಗಿರುತ್ತದೆ: ಹಾಸ್ಟೆಲ್, ಖಾಯಂ ತರಬೇತುದಾರ, ಮ್ಯಾಟ್, ಸಂಜೆ ಏಳರವರೆಗೆ ದೀಪ. ಅದನ್ನು ಹಂಚಿಕೆಯಿಂದ ಮರೆಮಾಡಬಹುದೇ ಹೊರತು ಹೋಗಲಾಡಿಸಲಾಗದು.

ಅಮೆರಿಕದ ಬಿಗ್ ಟೆನ್ ಪೂರ್ವ ವಿಭಾಗ ನನ್ನ ದೃಷ್ಟಿಯಲ್ಲಿ ತಲೆಭಾರದ್ದು. ಅದೇ ಪೂರ್ವದಲ್ಲಿ ರಟ್ಗರ್ಸ್, ಮೇರಿಲ್ಯಾಂಡ್, ಇಂಡಿಯಾನಾ ತಂಡಗಳೂ ಇದ್ದವು. ಆ ವರ್ಷಗಳಲ್ಲಿ ಅವಕ್ಕೆ ಹೆದರಿದವರು ಕಡಿಮೆ. ಫೈನಲ್ಲಿನ 10-0 ಎಂಬುದು ಶಿಖರಗಳ ಎತ್ತರವನ್ನು ಹೇಳಿತೇ ಹೊರತು ತಪ್ಪಲಿನದ್ದನ್ನಲ್ಲ. ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್‌ನಲ್ಲಿ ಇದು ಇನ್ನೂ ಸ್ವಾರಸ್ಯಕರವಾಗಿತ್ತು. 2009ರಿಂದ 2019ರವರೆಗೆ ಅದರ ಅಟ್ಲಾಂಟಿಕ್ ವಿಭಾಗದಿಂದ ಫೈನಲಿಗೆ ಹೋದದ್ದು ಕ್ಲೆಮ್ಸನ್ ಇಲ್ಲವೇ ಫ್ಲಾರಿಡಾ ಸ್ಟೇಟ್ ಮಾತ್ರ. ಕೋಸ್ಟಲ್ ವಿಭಾಗದಿಂದಾದರೋ 2013ರಿಂದ 2019ರವರೆಗಿನ 7 ವರ್ಷಗಳಲ್ಲಿ ಅದರ ಏಳೂ ತಂಡಗಳು ಒಂದೊಂದು ಸಲ ಹೋದವು, ಹೋದ ಪ್ರತಿ ಸಲವೂ ಸೋತವು. ಒಳಗೆ ಅಷ್ಟು ಸಮತೋಲವಿದ್ದ ವಿಭಾಗವೇ ಹೊರಗೆ ಕುಳ್ಳಾಗಿತ್ತು. ಆದ್ದರಿಂದ ನಿಮ್ಮ ವಲಯದಲ್ಲಿ ಪೈಪೋಟಿ ಚೆನ್ನಾಗಿದೆ ಎಂಬ ಮಾತನ್ನು ಬಲದ ಪ್ರಮಾಣಪತ್ರವೆಂದು ಒಪ್ಪಿಕೊಳ್ಳಬೇಡಿ.

ಸೆಮಿಫೈನಲ್ ಮತ್ತು ಸಮ ಅಂಕಗಳ ನಿಯಮ

ಪ್ರತಿ ವಲಯದಿಂದ ಎರಡೆರಡು ತಂಡ ಸೆಮಿಫೈನಲಿಗೆ ಎಂಬುದು ನಮ್ಮ ರೂಢಿ. ವಲಯ ವಾಲಿದ ವರ್ಷದಲ್ಲಿ ಪ್ರಬಲ ವಲಯದ ಮೂರನೆಯ ತಂಡಕ್ಕೆ ಇದು ಅನ್ಯಾಯ ಮಾಡುತ್ತದೆ. ಹಾಗೆಂದು ಒಟ್ಟು ಅಂಕಪಟ್ಟಿಯ ಮೊದಲ ನಾಲ್ವರನ್ನು ಆರಿಸುವುದು ಸರಿಯಲ್ಲ, ಏಕೆಂದರೆ ದುರ್ಬಲ ವಲಯದಲ್ಲಿ ಅಂಕ ಅಗ್ಗ. ಹೀಗೆ ಮಾಡಿ: ಅಂತರ ವಲಯ ಪಂದ್ಯಗಳಲ್ಲಿ ಒಂದು ವಲಯ 10ಕ್ಕೆ 8 ಅಥವಾ ಹೆಚ್ಚು ಗೆದ್ದರೆ, ಆ ವಲಯದ ಮೂರನೆಯ ತಂಡ ಇನ್ನೊಂದು ವಲಯದ ಎರಡನೆಯ ತಂಡದೊಡನೆ ಒಂದು ಅರ್ಹತಾ ಪಂದ್ಯ ಆಡಲಿ, ಗೆದ್ದವರು ಮುಂದೆ ಹೋಗಲಿ. ಸಾಮಾನ್ಯ ವರ್ಷದಲ್ಲಿ ಈ ನಿಯಮ ಮಲಗಿರುತ್ತದೆ.

ಸಮ ಅಂಕ ಬಂದಾಗ ಏನೆಂಬುದನ್ನೂ ಮೊದಲೇ ಬರೆದಿಡಬೇಕು. ಬಿಗ್ 12 ಎಂಬ ಕೂಟದ ದಕ್ಷಿಣ ವಿಭಾಗದಲ್ಲಿ 2008ರಲ್ಲಿ ಮೂರು ತಂಡಗಳು 7-1 ಸಾಧನೆಯೊಡನೆ ಸಮನಾದವು. ಟೆಕ್ಸಾಸ್ ತಂಡ ಓಕ್ಲಹೋಮವನ್ನು ಸೋಲಿಸಿತ್ತು, ಟೆಕ್ಸಾಸ್ ಟೆಕ್ ತಂಡ ಟೆಕ್ಸಾಸನ್ನು, ಓಕ್ಲಹೋಮ ತಂಡ ಟೆಕ್ಸಾಸ್ ಟೆಕ್ಕನ್ನು. ಪರಸ್ಪರ ಪಂದ್ಯದ ನಿಯಮ ಸುತ್ತಿ ಸುತ್ತಿ ಅಲ್ಲೇ ನಿಂತಿತು. ಕೊನೆಗೆ ರಾಷ್ಟ್ರೀಯ ರ‍್ಯಾಂಕಿಂಗ್ ನೋಡಿ ಓಕ್ಲಹೋಮವನ್ನು ಫೈನಲಿಗೆ ಕಳಿಸಿದರು, ಆ ತಂಡವನ್ನು ಸೋಲಿಸಿದ್ದ ಟೆಕ್ಸಾಸ್ ಮನೆಯಲ್ಲೇ ಕುಳಿತಿತು. ನಮಗೆ ರ‍್ಯಾಂಕಿಂಗ್ ಇಲ್ಲ. ಮೊದಲು ಪರಸ್ಪರ ಪಂದ್ಯ, ಆಮೇಲೆ ಸಮನಾದ ತಂಡಗಳ ನಡುವಿನ ಅಂಕಗಳ ಅಂತರ, ಆಮೇಲೆ ಅಂತರ ವಲಯ ಗೆಲುವುಗಳು, ಕೊನೆಗೆ ಚೀಟಿ ಎಂದು ಕ್ರಮ ಬರೆದು ಹತ್ತೂ ಕಾಲೇಜುಗಳ ಸಹಿ ಹಾಕಿಸಿಕೊಳ್ಳಿ.

ವಲಯಗಳನ್ನೇ ತೆಗೆದುಹಾಕಬಾರದೇ ಎಂದು ಕೇಳುವವರಿದ್ದಾರೆ. ಅಮೆರಿಕದಲ್ಲಿ ಹಾಗೇ ಆಯಿತು: ಫೈನಲಿಗೆ ಎರಡು ವಿಭಾಗಗಳಿರಬೇಕೆಂಬ ನಿಯಮ 2022ರಲ್ಲಿ ಸಡಿಲವಾದ ಕೂಡಲೇ ಪ್ಯಾಕ್-12 ಎಂಬ ಕೂಟ, 2023ರಲ್ಲಿ ಅಟ್ಲಾಂಟಿಕ್ ಕೋಸ್ಟ್, 2024ರಲ್ಲಿ ಬಿಗ್ ಟೆನ್ ಮತ್ತು ಸೌತ್ಈಸ್ಟರ್ನ್ ವಿಭಾಗಗಳನ್ನು ಕೈಬಿಟ್ಟವು. ನಮ್ಮ ಪ್ರೊ ಕಬಡ್ಡಿ ಲೀಗ್ ಕೂಡ ಐದು ಮತ್ತು ಆರನೆಯ ಆವೃತ್ತಿಗಳಲ್ಲಿ 12 ತಂಡಗಳನ್ನು ಎರಡು ವಲಯಗಳಾಗಿಸಿ, 2019ರ ಏಳನೆಯ ಆವೃತ್ತಿಯಲ್ಲಿ ಎಲ್ಲರನ್ನೂ ಒಂದೇ ಪಟ್ಟಿಗೆ ತಂದಿತು. ನಿಮ್ಮ ಬಳಿ ಇನ್ನೂ 15 ಪಂದ್ಯಗಳಿಗೆ ದಿನ, ಬಸ್ಸು ಮತ್ತು ಊಟದ ವ್ಯವಸ್ಥೆ ಇದ್ದರೆ ಖಂಡಿತ ಹಾಗೆ ಮಾಡಿ. ಇಲ್ಲದಿದ್ದರೆ ಎರಡು ವರ್ಷಕ್ಕೊಮ್ಮೆ, ಸೆಮಿಸ್ಟರ್ ಆರಂಭವಾಗುವ ಮೊದಲು, ಮೇಲೆ ಹೇಳಿದ ಕ್ರಮಾಂಕ ಪಟ್ಟಿಯನ್ನು ಹೊಸದಾಗಿ ಮಾಡಿ ದಂಡೆಯ ಊರುಗಳನ್ನು ಮರುಹೊಂದಿಸಿ. ಆ ಸಭೆಯನ್ನು ಒಮ್ಮೆ ಹೊಳೆಯ ಆಚೆ, ಒಮ್ಮೆ ಈಚೆ ಕರೆಯಿರಿ, ಹಿಂದಿನ ವರ್ಷ ಕೊನೆಯ ಸ್ಥಾನ ಪಡೆದ ಕಾಲೇಜಿನವರೇ ಅಂತರ ವಲಯ ಫಲಿತಾಂಶಗಳನ್ನು ಓದಿ ಹೇಳಲಿ.