ಲಾರಿ ನಿಲ್ಲಿಸುವ ಜಾಗವನ್ನು ಹೊರಡುವ ಮೊದಲೇ ಆರಿಸಿ

ದೂರದ ಸರಕು ಸಾಗಣೆಯಲ್ಲಿ ಎಲ್ಲಿ ಡೀಸೆಲ್ ತುಂಬಿಸಬೇಕು, ಎಲ್ಲಿ ಸರಕು ಇಳಿಸಬೇಕು ಎಂಬುದೆಲ್ಲ ಹೊರಡುವ ಮುನ್ನವೇ ತೀರ್ಮಾನವಾಗಿರುತ್ತದೆ. ಎಲ್ಲಿ ಮೈ ಚಾಚಬೇಕು ಎಂಬುದನ್ನು ಮಾತ್ರ ಸುಸ್ತಾದಾಗ ನೋಡಿಕೊಂಡರಾಯಿತು ಎಂದು ಬಿಟ್ಟುಬಿಡುತ್ತಾರೆ. ಆದರೆ ನಿದ್ದೆ ಎಳೆಯುತ್ತಿರುವ ತಲೆಗೆ ತನ್ನ ದಣಿವಿನ ಅಳತೆ ಸಿಗುವುದಿಲ್ಲ. ಇನ್ನೊಂದಿಷ್ಟು ದೂರ ಹೋಗೋಣ ಎನ್ನುತ್ತಲೇ ಇರುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ನಾಲ್ಕೇ ಸೆಕೆಂಡು ಕಣ್ಣು ಮುಚ್ಚಿದರೂ ಲಾರಿ ಸುಮಾರು 90 ಮೀಟರ್ ಓಡಿಬಿಟ್ಟಿರುತ್ತದೆ. ನಿಲ್ಲುವ ತೀರ್ಮಾನವನ್ನು ಎಚ್ಚರವಾಗಿರುವಾಗಲೇ ಮಾಡಿಡಬೇಕು.

ಮೊದಲು ಗಡಿಯಾರ, ಆಮೇಲೆ ನಕ್ಷೆ

ವಿಶ್ರಾಂತಿಯ ನಿಯಮ ದೇಶದಿಂದ ದೇಶಕ್ಕೆ ಬೇರೆ. ಐರೋಪ್ಯ ಒಕ್ಕೂಟದಲ್ಲಿ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ಬಿಡುವು ಕಡ್ಡಾಯ. ಅಮೆರಿಕದಲ್ಲಿ ಎಂಟು ಗಂಟೆ ಓಡಿಸಿದ ಮೇಲೆ 30 ನಿಮಿಷ. ಭಾರತದಲ್ಲಿ 2025ರ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆ ಜಾರಿಗೆ ಬರುವವರೆಗೆ ಇದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಐದು ಗಂಟೆ ಕೆಲಸಕ್ಕೆ ಕನಿಷ್ಠ ಅರ್ಧ ಗಂಟೆ ಬಿಡುವು ಕೊಡಬೇಕೆನ್ನುತ್ತಿತ್ತು. ಇವೆಲ್ಲ ಮೀರಬಾರದ ಗಡಿಗಳು. ಅಲ್ಲಿಯವರೆಗೂ ತಡೆದು ಕೂರಬೇಕಾಗಿಲ್ಲ. ಎರಡರಿಂದ ಮೂರು ಗಂಟೆಗೊಮ್ಮೆ ಇಳಿದು ಓಡಾಡುವುದೇ ಒಳ್ಳೆಯದು. ನಡುರಾತ್ರಿ ಕಳೆದ ಮೇಲೆ ಎರಡರಿಂದ ಆರರವರೆಗೆ ಮತ್ತು ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ದೇಹ ತಾನಾಗಿಯೇ ತೂಕಡಿಸುತ್ತದೆ. ದೊಡ್ಡ ವಿಶ್ರಾಂತಿಯನ್ನು ಆ ಹೊತ್ತಿಗೆ ಹೊಂದಿಸಿಕೊಳ್ಳಿ.

ಸಮಯ ಗೊತ್ತಾದ ಮೇಲೆ ನಕ್ಷೆ ತೆರೆಯಿರಿ. ಪ್ರತಿ ಬಿಡುವಿಗೂ ಒಂದು ಜಾಗ, ಅದು ಭರ್ತಿಯಾಗಿರಬಹುದು ಎನಿಸಿದರೆ ನಿಲ್ಲಲು ಅದಕ್ಕಿಂತ ಮೊದಲೇ ಸಿಗುವ ಇನ್ನೊಂದು ಜಾಗ ಗುರುತಿಸಿಕೊಳ್ಳಿ. ಬದಲಿ ಜಾಗ ಮುಂದೆ ಇರುವುದಕ್ಕಿಂತ ಹಿಂದೆ ಇದ್ದರೆ ವಾಸಿ, ಏಕೆಂದರೆ ದಣಿದ ಮೇಲೆ ಇನ್ನೊಂದು ಗಂಟೆ ಓಡಿಸುವ ಪ್ರಮೇಯ ಬರುವುದಿಲ್ಲ. ಸಂಜೆ ಇಳಿಯುತ್ತಿದ್ದಂತೆ ತಂಗುದಾಣಗಳು ತುಂಬತೊಡಗುತ್ತವೆ. ರಾತ್ರಿ ತಂಗುವವರು ಬೇಗ ಸೇರಿಕೊಳ್ಳುವುದು ಲೇಸು.

ನೋಟ ಚೆನ್ನಾಗಿದ್ದರೆ ಸಾಲದು

ಬೆಟ್ಟ, ಕೆರೆ, ಕಡಲಂಚಿನ ಜಾಗದಲ್ಲಿ ನಿಲ್ಲುವುದು ಶೋಕಿಯಲ್ಲ. ಗಂಟೆಗಟ್ಟಲೆ ರಸ್ತೆಯ ಒಂದೇ ಪಟ್ಟಿಗೆ ನೆಟ್ಟಿದ್ದ ಕಣ್ಣಿಗೆ ಅಲ್ಲಿ ಸುತ್ತಾಡಲು ಜಾಗ ಸಿಗುತ್ತದೆ, ಕುಳಿತು ಕುಳಿತು ಹಿಡಿದುಕೊಂಡ ಕಾಲಿಗೆ ನಡೆಯುವ ಮನಸ್ಸಾಗುತ್ತದೆ. ಹತ್ತು ನಿಮಿಷ ಕ್ಯಾಬಿನ್‌ನಲ್ಲೇ ಮೊಬೈಲ್ ನೋಡುತ್ತಾ ಕುಳಿತರೆ ಇದ್ಯಾವುದೂ ದಕ್ಕುವುದಿಲ್ಲ.

ಆದರೆ ಹೆಚ್ಚಿನ ವೀಕ್ಷಣಾ ಸ್ಥಳಗಳನ್ನು ಕಟ್ಟಿರುವುದು ಕಾರುಗಳಿಗಾಗಿ. ಉಪಗ್ರಹ ಚಿತ್ರದಲ್ಲಿ ಆ ಜಾಗವನ್ನು ಹಿಗ್ಗಿಸಿ ನೋಡಿ. ಒಳಬರುವ ದಾರಿಯೂ ಹೊರಹೋಗುವ ದಾರಿಯೂ ಬೇರೆ ಬೇರೆ ಇವೆಯೇ? ಇಲ್ಲವಾದರೆ ನಿಮ್ಮ ಲಾರಿ ರಿವರ್ಸ್ ಇಲ್ಲದೆ ತಿರುಗುವಷ್ಟು ಅಗಲವಿದೆಯೇ? ಅಲ್ಲಿಗೆ ಹೋಗುವ ಸೇತುವೆಗೆ ತೂಕದ ಮಿತಿ, ಕೆಳದಾರಿಗೆ ಎತ್ತರದ ಮಿತಿ ಇದೆಯೇ? ನೀರಿನ ದಡದ ಹುಲ್ಲುನೆಲ ಎಷ್ಟೇ ಚೆಂದವಿದ್ದರೂ ತುಂಬಿದ ಲಾರಿಯನ್ನು ಅದರ ಮೇಲೆ ಇಳಿಸಬೇಡಿ. ಮೇಲೆ ಒಣಗಿ ಕಂಡರೂ ಒಳಗೆ ತೇವವಿದ್ದರೆ ಚಕ್ರ ಹೂತುಹೋಗುತ್ತದೆ. ಸಂದೇಹವಿದ್ದರೆ ಆ ಜಾಗ ಬಿಟ್ಟುಬಿಡಿ, ದೊಡ್ಡ ತಂಗುದಾಣದಲ್ಲಿ ನಿಲ್ಲಿಸಿ ನಡೆದು ಹೋಗಿ ನೋಡಿ ಬನ್ನಿ.

ನನ್ನನ್ನು ಕೇಳಿದರೆ, ಲಾರಿಗೆ ಹೇಳಿ ಮಾಡಿಸಿದ ವೀಕ್ಷಣಾ ಸ್ಥಳ ಘಾಟಿಯ ನೆತ್ತಿಯಲ್ಲಿರುತ್ತದೆ: ಏರು ಮುಗಿದು ಇಳಿಜಾರು ಶುರುವಾಗುವ ಮೊದಲಿನ ಸಮತಟ್ಟು ಜಾಗ. ಕಣಿವೆ ಪೂರ್ತಿ ಕಾಣುತ್ತದೆ, ಏರಿ ಬಿಸಿಯಾದ ಎಂಜಿನ್ ತಣಿಯುತ್ತದೆ, ಬ್ರೇಕ್ ಪರೀಕ್ಷಿಸಲು ಇದಕ್ಕಿಂತ ತಕ್ಕ ಹೊತ್ತಿಲ್ಲ. ಏರ್ ಬ್ರೇಕಿನ ಗಾಳಿಯ ಒತ್ತಡ ನೋಡಿ, ಮುಂದಿನ ಇಳಿಜಾರಿನ ಫಲಕ ಓದಿ, ಯಾವ ಗೇರಿನಲ್ಲಿ ಇಳಿಯಬೇಕೆಂದು ಅಲ್ಲೇ ನಿರ್ಧರಿಸಿ. ಘಾಟಿ ಇಳಿದ ಕೂಡಲೇ ನಿಲ್ಲುವುದಾದರೆ ಲೆಕ್ಕ ಬೇರೆ. ಬ್ರೇಕ್ ಡ್ರಮ್‌ಗಳು ಕಾದಿರುತ್ತವೆ. ಆ ಬಿಸಿಯಲ್ಲಿ ಪಾರ್ಕಿಂಗ್ ಬ್ರೇಕ್ ಬಿಗಿದರೆ ಅವು ಕೆಡಬಹುದು. ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು ತಣಿಯಲು ಬಿಡಿ.

ನಿಲ್ಲಿಸುವ ರೀತಿ

ಮೂತಿ ಹೊರದಾರಿಯ ಕಡೆಗಿರಲಿ. ರಾತ್ರಿ ತಂಗುವಾಗ ಡೀಸೆಲ್ ಟ್ಯಾಂಕ್ ಇರುವ ಬದಿಗೆ ದೀಪದ ಬೆಳಕು ಬೀಳುವಂತೆ, ಹಿಂಬಾಗಿಲು ಗೋಡೆಗೋ ಇನ್ನೊಂದು ಲಾರಿಗೋ ಹತ್ತಿರವಾಗುವಂತೆ ನಿಲ್ಲಿಸಿದರೆ ಕಳ್ಳರಿಗೆ ಕೈ ಹಾಕುವುದು ಸುಲಭವಲ್ಲ. ಶೈತ್ಯಾಗಾರದ ಲಾರಿಗಳ ಪಕ್ಕ ಬೇಡ, ಅವುಗಳ ಯಂತ್ರ ರಾತ್ರಿಯಿಡೀ ಗುಂಯ್‌ಗುಡುತ್ತದೆ. ಎಷ್ಟೇ ಚಳಿಯಿದ್ದರೂ ಎಂಜಿನ್ ಓಡುತ್ತಿರುವಂತೆಯೇ ಕಿಟಕಿ ಮುಚ್ಚಿ ಮಲಗಬಾರದು. ಹೊಗೆ ಕೊಳವೆಯಲ್ಲಿ ಬಿರುಕಿದ್ದರೆ ಕಾರ್ಬನ್ ಮೊನಾಕ್ಸೈಡ್ ಒಳಗೆ ಸೇರುತ್ತದೆ, ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಕಿರುನಿದ್ದೆ ಮತ್ತು ಒಂದು ಸುತ್ತು

ಹಗಲಿನ ಕಿರುನಿದ್ದೆಗೆ 20 ನಿಮಿಷ ಸಾಕು. ಅರ್ಧ ಗಂಟೆ ದಾಟಿದರೆ ಗಾಢ ನಿದ್ದೆಗೆ ಜಾರಿ, ಎದ್ದ ಮೇಲೂ ತಲೆ ಮಂಕಾಗಿರುತ್ತದೆ. ಕಾಫಿ ಕುಡಿಯುವವರು ಮಲಗುವ ಮುಂಚೆಯೇ ಕುಡಿಯಲಿ. ಕೆಫೀನ್ ಕೆಲಸ ಶುರು ಮಾಡಲು ಅಷ್ಟೇ ಹೊತ್ತು ಬೇಕು. ಆದರೆ ರಾತ್ರಿಯ ನಿದ್ದೆಗೆ ಇದಾವುದೂ ಬದಲಿಯಲ್ಲ.

ಎದ್ದ ತಕ್ಷಣ ಕೀಲಿ ತಿರುಗಿಸಬೇಡಿ. ಹತ್ತು ಹದಿನೈದು ನಿಮಿಷ ಲಾರಿಯ ಸುತ್ತ ಕಳೆಯಿರಿ. ಜೋಡಿ ಟಯರ್‌ಗಳ ನಡುವೆ ಬಗ್ಗಿ ನೋಡಿ. ಅಲ್ಲಿ ಸಿಕ್ಕಿಕೊಂಡ ಕಲ್ಲು ರಬ್ಬರನ್ನು ಕೊರೆಯುತ್ತಾ ಹೋಗುತ್ತದೆ, ವೇಗದಲ್ಲಿ ಸಿಡಿದು ಹಿಂದಿನ ವಾಹನದ ಗಾಜಿಗೂ ಬಡಿಯಬಹುದು. ಸರಕಿಗೆ ಬಿಗಿದ ಪಟ್ಟಿಗಳು ಮೊದಲ 80 ಕಿ.ಮೀ. ಒಳಗೇ ಸಡಿಲವಾಗುವುದುಂಟು, ಹಾಗಾಗಿ ಮೊದಲ ಬಿಡುವಿನಲ್ಲಿ ಇವನ್ನು ನೋಡಲೇಬೇಕು. ಒಂದು ಸಡಿಲವಾಗಿದ್ದರೆ ಅದನ್ನು ಬಿಗಿದು ಸುಮ್ಮನಾಗದೆ, ಒಳಗೆ ಸರಕು ಯಾವ ಕಡೆಗೆ ಜರುಗಿದೆ ಎಂದು ನೋಡಿ, ಉಳಿದ ಪಟ್ಟಿಗಳನ್ನೂ ಎಳೆದು ಪರೀಕ್ಷಿಸಿ.