ಬಯಲಾಟದ ಬೆಳಕಲ್ಲಿ ಮ್ಯಾನ್ಯುಯಲ್ ಮೋಡ್ ಕಲಿಯಿರಿ

ಹೊಸ ಕ್ಯಾಮೆರಾ ಕೊಂಡವರು ಸಾಮಾನ್ಯವಾಗಿ ಎರಡು ಕೆಲಸ ಮಾಡುತ್ತಾರೆ. ಡಯಲ್ಲನ್ನು ಆಟೊಗೆ ತಿರುಗಿಸಿ ಅಲ್ಲೇ ಬಿಟ್ಟುಬಿಡುತ್ತಾರೆ. ಕ್ಯಾಮೆರಾ ಕೈಗೆ ಹಿಡಿತ ಸಿಗುವ ಮೊದಲೇ ಟ್ರೈಪಾಡ್, ಫಿಲ್ಟರ್, ದೊಡ್ಡ ಬ್ಯಾಗು ಅಂತ ಆರ್ಡರ್ ಮಾಡುತ್ತಾರೆ. ಮ್ಯಾನ್ಯುಯಲ್ ಮೋಡ್ ಅಂದರೆ ಮಾತ್ರ ಭಯ. ಆ ಭಯ ಬಿಡಿಸಲು ಯಕ್ಷಗಾನ ಬಯಲಾಟದಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಕತ್ತಲಲ್ಲಿ ಫೋಟೊ ತೆಗೆಯುವುದು ಇನ್ನೂ ಕಷ್ಟ ಅಲ್ವಾ? ಆಟೊ ಮೋಡಿಗೆ ಕಷ್ಟ, ನಿಜ. ಮ್ಯಾನ್ಯುಯಲ್‌ಗೆ ಸುಲಭ. ಹಗಲಲ್ಲಿ ಮೋಡ ಅಡ್ಡ ಬಂದರೂ ಬೆಳಕು ಬದಲಾಗುತ್ತದೆ, ನೀವು ಈ ಕಡೆಯಿಂದ ಆ ಕಡೆ ತಿರುಗಿದರೂ ಬದಲಾಗುತ್ತದೆ. ರಂಗಸ್ಥಳದ ದೀಪ ಮಾತ್ರ ಪೂರ್ವರಂಗದಿಂದ ಮಂಗಳದವರೆಗೂ ಹೆಚ್ಚುಕಮ್ಮಿ ಒಂದೇ. ಒಮ್ಮೆ ಸೆಟ್ಟಿಂಗ್ ಕೂತರೆ ಅದರಲ್ಲೇ ಇಡೀ ಆಟ ತೆಗೆಯಬಹುದು. ಕರಾವಳಿಯಲ್ಲಿ ನವೆಂಬರಿನಿಂದ ಮೇ ತಿಂಗಳವರೆಗೆ ಒಂದಲ್ಲ ಒಂದು ಊರಲ್ಲಿ ಆಟ ಇದ್ದೇ ಇರುತ್ತದೆ. ಹರಕೆ ಆಟಕ್ಕೆ ಟಿಕೆಟ್ಟೂ ಇಲ್ಲ.

ಆಟೊ ಯಾಕೆ ಸೋಲುತ್ತದೆ ಅಂತ ಮೊದಲು ತಿಳಿದುಕೊಳ್ಳಿ. ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರಿಗೆ ವೇಷ ಯಾವುದು, ಕತ್ತಲು ಯಾವುದು ಅಂತ ಗೊತ್ತಾಗುವುದಿಲ್ಲ. ಕಂಡದ್ದನ್ನೆಲ್ಲ ಸೇರಿಸಿ ಸರಾಸರಿ ತೆಗೆದು, ಚಿತ್ರ ಒಂದು ಮಧ್ಯಮ ಬೂದು ಬಣ್ಣದಷ್ಟು ಬೆಳಗಲಿ ಅಂತ ನೋಡುತ್ತದೆ. ಆಟದ ಚಿತ್ರದಲ್ಲಿ ಮುಕ್ಕಾಲು ಪಾಲು ರಂಗಸ್ಥಳದ ಆಚೆಗಿನ ಕತ್ತಲು, ಹಿಂದಿನ ಗಾಢ ಪರದೆ. ಅದನ್ನೂ ಬೂದು ಮಾಡಲು ಕ್ಯಾಮೆರಾ ಜಾಸ್ತಿ ಬೆಳಕು ಎಳೆದುಕೊಳ್ಳುತ್ತದೆ. ಆಗ ದೀಪ ನೇರ ಬೀಳುವ ಮುಖ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿ, ಕಣ್ಣಿನ ಸುತ್ತ ಬರೆದ ಗೆರೆಯೆಲ್ಲ ಅಳಿಸಿಹೋಗುತ್ತದೆ. ಮುಖ ಗುರುತಿಸುವ ಹೊಸ ಕ್ಯಾಮೆರಾಗಳೂ ಬಣ್ಣದ ವೇಷದ ಮುಂದೆ ತಡವರಿಸುವುದುಂಟು. ಅದನ್ನು ಮುಖ ಅಂತ ಅವು ಹೇಗೆ ತಾನೆ ನಂಬಿಯಾವು?

ಮೊದಲು ಲೆಕ್ಕ

ಎಕ್ಸ್‌ಪೋಶರ್ ಅಂದರೆ ಮೂರೇ ವಿಷಯ. ಶಟರ್ ಎಷ್ಟು ಹೊತ್ತು ತೆರೆದಿರುತ್ತದೆ, ಲೆನ್ಸಿನ ಕಂಡಿ ಅಂದರೆ ಅಪರ್ಚರ್ ಎಷ್ಟು ಅಗಲ ಇದೆ, ಬಂದ ಬೆಳಕನ್ನು ಐಎಸ್‌ಒ ಎಷ್ಟು ಹಿಗ್ಗಿಸುತ್ತದೆ. ಮೂರಕ್ಕೂ ಒಂದೇ ಅಳತೆ: ಸ್ಟಾಪ್. ಒಂದು ಸ್ಟಾಪ್ ಏರಿದರೆ ಚಿತ್ರದ ಬೆಳಕು ದುಪ್ಪಟ್ಟು, ಇಳಿದರೆ ಅರ್ಧ.

ಶಟರ್ 1/500ರಿಂದ 1/250ಕ್ಕೆ ಬಂದರೆ ಒಂದು ಸ್ಟಾಪ್ ಹೆಚ್ಚು. ಐಎಸ್‌ಒ 800ರಿಂದ 1600ಕ್ಕೆ ಹೋದರೂ ಅಷ್ಟೇ. ಅಪರ್ಚರಿನ ಸಂಖ್ಯೆ ಮಾತ್ರ ತಲೆ ತಿನ್ನುತ್ತದೆ, ಯಾಕೆಂದರೆ ಅದು ಉಲ್ಟಾ. ಸಂಖ್ಯೆ ಚಿಕ್ಕದಾದಷ್ಟೂ ಕಂಡಿ ದೊಡ್ಡದು. 1.4, 2, 2.8, 4, 5.6, 8, 11, 16. ಈ ಸಾಲನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಬಿಡಿ. ಪ್ರತಿ ಹೆಜ್ಜೆಗೂ ಬೆಳಕು ಅರ್ಧವಾಗುತ್ತದೆ. ಒಂದು ಕಡೆ ಕಳೆದುಕೊಂಡ ಸ್ಟಾಪನ್ನು ಇನ್ನೊಂದು ಕಡೆ ತುಂಬಿಕೊಳ್ಳುವುದೇ ಮ್ಯಾನ್ಯುಯಲ್ ಮೋಡ್.

ಆಟ ಶುರುವಾಗುವ ಮೊದಲು

ಚಿತ್ರ ರಾ ಫೈಲ್ ಆಗಿ, ಅಂದರೆ ಕ್ಯಾಮೆರಾ ಕಂಡದ್ದು ಕಂಡಹಾಗೆ, ಉಳಿಯುವಂತೆ ಇಡಿ. ಆಮೇಲೆ ಕಂಪ್ಯೂಟರಿನಲ್ಲಿ ಬಣ್ಣ, ಬೆಳಕು ತಿದ್ದಲು ಜಾಸ್ತಿ ಅವಕಾಶ ಇರುತ್ತದೆ. ಫೋಕಸ್‌ಗೆ ಒಂದೇ ಬಿಂದು ಆರಿಸಿಕೊಳ್ಳಿ. ಬೀಪ್ ಸದ್ದು ಬಂದ್ ಮಾಡಿ. ಫೋಕಸ್ ಹುಡುಕಲು ಉರಿಯುವ ಪುಟ್ಟ ದೀಪವನ್ನೂ ಬಂದ್ ಮಾಡಿ, ಕಲಾವಿದರ ಕಣ್ಣಿಗೆ ಹೊಡೆಯುತ್ತದೆ. ಫ್ಲ್ಯಾಶ್ ಮಾತಂತೂ ಬೇಡವೇ ಬೇಡ. ಹಿಂದೆ ಕೂತವರಿಗೂ ಕಿರಿಕಿರಿ, ವೇಷದ ಮೇಲೆ ಬಿದ್ದ ಬೆಳಕು ನೆರಳಿನ ಆಟವೂ ಚಪ್ಪಟೆಯಾಗಿಬಿಡುತ್ತದೆ.

ಬಿಳಿಯನ್ನು ಬಿಳಿಯಾಗಿ ತೋರಿಸುವ ಸೆಟ್ಟಿಂಗಾದ ವೈಟ್ ಬ್ಯಾಲೆನ್ಸನ್ನು ಆಟೊದಲ್ಲಿ ಬಿಟ್ಟರೆ ಕೆಂಪು ವೇಷ ಬಂದಾಗ ಒಂದು ಬಣ್ಣ, ಹಸಿರು ವೇಷ ಬಂದಾಗ ಇನ್ನೊಂದು ಬಣ್ಣ ಬರಬಹುದು. ಯಾವುದಾದರೂ ಒಂದಕ್ಕೆ ಕಟ್ಟಿಹಾಕಿ. ಭಾಗವತರ ಬಿಳಿ ಪಂಚೆ ಬಿಳಿಯಾಗಿ ಕಾಣುವಷ್ಟು ಹೊಂದಿಸಿದರೆ ಉಳಿದದ್ದು ತಾನೇ ಸರಿಹೋಗುತ್ತದೆ.

ಶಟರಿನಿಂದ ಶುರು ಮಾಡಿ

ಮೂರರಲ್ಲಿ ಮೊದಲು ಯಾವುದು? ವೇಷಧಾರಿ ಎಷ್ಟು ಜೋರಾಗಿ ಚಲಿಸುತ್ತಾರೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಹಾಗಾಗಿ ಶಟರ್ ಮೊದಲು. ಅರ್ಥಗಾರಿಕೆಯ, ಅಂದರೆ ಪಾತ್ರಗಳು ಮಾತಾಡುವ ಹೊತ್ತಲ್ಲಿ 1/125 ಸಾಕು. ಸಾಮಾನ್ಯ ಕುಣಿತಕ್ಕೆ 1/250. ಹಾರಿ ಸುತ್ತುವ ಧೀಂಗಿಣ ಹಾಕುವಾಗ ಗಾಳಿಯಲ್ಲೇ ನಿಲ್ಲಿಸಿದಂತೆ ಬರಬೇಕಾದರೆ 1/500 ಅಥವಾ ಇನ್ನೂ ಜಾಸ್ತಿ ಬೇಕು. ಎಲ್ಲವನ್ನೂ ಕಲ್ಲಿನ ಹಾಗೆ ನಿಲ್ಲಿಸಲೇಬೇಕು ಅಂತೇನಿಲ್ಲ. ಗಿರಕಿ ಹೊಡೆಯುವಾಗ 1/15ಕ್ಕೆ ಇಳಿಸಿ ನೋಡಿ. ಉಡುಗೆಯ ಅಂಚು ಬಣ್ಣದ ಚಕ್ರವಾಗುತ್ತದೆ. ಹತ್ತರಲ್ಲಿ ಒಂದು ಸರಿ ಬಂದರೂ ಆ ಒಂದು ಚಿತ್ರಕ್ಕೆ ಬೇರೆಯೇ ಜೀವ ಇರುತ್ತದೆ.

ಆಮೇಲೆ ಅಪರ್ಚರ್. 50 ಎಂ.ಎಂ. ಎಫ್ 1.8 ಲೆನ್ಸ್ ಇದ್ದರೆ ಕಂಡಿಯನ್ನು ಪೂರ್ತಿ ತೆರೆಯುವ ಆಸೆ ಆಗುತ್ತದೆ. ಸ್ವಲ್ಪ ತಡೆಯಿರಿ. 1.8ರಲ್ಲಿ ಹತ್ತಿರದಿಂದ ತೆಗೆದರೆ ಕಣ್ಣು ಚೂಪಾಗಿ ಬಂದು ಮುಂದೆ ಚಾಚಿದ ಕೈ ಮಸುಕಾಗುತ್ತದೆ. ಇಬ್ಬರು ಎದುರುಬದುರು ನಿಂತಾಗ ಒಬ್ಬರು ಮಾತ್ರ ಸಿಗುತ್ತಾರೆ. 2.8 ಒಳ್ಳೆಯ ರಾಜಿ.

ಇನ್ನು ಉಳಿದದ್ದು ಐಎಸ್‌ಒ. ಎಫ್ 2.8, 1/250, ಐಎಸ್‌ಒ 1600ರಿಂದ ಶುರು ಮಾಡಿ. ಕೋಡಂಗಿ, ಬಾಲಗೋಪಾಲ ವೇಷಗಳು ಕುಣಿಯುವ ಪೂರ್ವರಂಗವೇ ನಿಮ್ಮ ಪರೀಕ್ಷೆಯ ಹೊತ್ತು. ಕಾಲಮಿತಿಯ ಆಟದಲ್ಲಿ ಅದನ್ನು ಮೊಟಕು ಮಾಡುವುದುಂಟು, ಹಾಗಾಗಿ ಬೇಗ ಹೋಗಿ. ಒಂದು ಚಿತ್ರ ತೆಗೆದು, ಬೆಳಕು ಮಿತಿಮೀರಿದ ಜಾಗ ಮಿನುಗಿ ತೋರಿಸುವ ಸೌಲಭ್ಯವನ್ನು ಆನ್ ಮಾಡಿ ನೋಡಿ. ಕಿರೀಟದ ಹೊಳಪಿನ ಚುಕ್ಕಿಗಳು ಮಿನುಗಿದರೆ ಪರವಾಗಿಲ್ಲ. ಕೆನ್ನೆ, ಹಣೆ ಮಿನುಗಿದರೆ ಐಎಸ್‌ಒ ಒಂದು ಸ್ಟಾಪ್ ಇಳಿಸಿ. ಮುಖ ಮಂಕಾಗಿದ್ದರೆ ಏರಿಸಿ. ಚಿತ್ರದ ಕಪ್ಪು ಬಿಳುಪಿನ ಹಂಚಿಕೆ ತೋರಿಸುವ ನಕ್ಷೆ, ಹಿಸ್ಟೋಗ್ರಾಂ, ಪೂರ್ತಿ ಎಡಕ್ಕೆ ರಾಶಿ ಬಿದ್ದಿದೆ ಅಂತ ಗಾಬರಿ ಬೇಡ. ಕತ್ತಲು ಕತ್ತಲಾಗಿಯೇ ಇರಬೇಕಲ್ಲ. ದೊಂದಿ ಬೆಳಕಿನ ಆಟವಾದರೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಐಎಸ್‌ಒ 6400, ಶಟರ್ 1/60ರ ಆಸುಪಾಸಿಗೆ ಮನಸ್ಸು ಗಟ್ಟಿಮಾಡಿಕೊಳ್ಳಬೇಕು.

ಐಎಸ್‌ಒ ಏರಿಸಿದರೆ ಚಿತ್ರದಲ್ಲಿ ಕಾಳುಕಾಳು ಬರುತ್ತದೆ, ನಿಜ. ಆದರೆ ಆ ಕಾಳನ್ನು ಆಮೇಲೆ ಕಂಪ್ಯೂಟರಿನಲ್ಲಿ ಬಹುಮಟ್ಟಿಗೆ ತೆಗೆಯಬಹುದು. ಅಲುಗಿದ ಮುಖವನ್ನು ಸರಿಮಾಡುವುದು ಕಷ್ಟ. ಅನುಮಾನ ಬಂದಾಗ ಶಟರನ್ನು ಕಾಪಾಡಿ, ಐಎಸ್‌ಒ ಏರಲಿ ಬಿಡಿ.

ಕ್ಯಾಮೆರಾ ಜೊತೆ ಬಂದ 18-55 ಲೆನ್ಸ್ ಮಾತ್ರ ಇದೆಯಾ? 55ಕ್ಕೆ ಜೂಮ್ ಮಾಡಿದಾಗ ಅದರ ಕಂಡಿ ಸಾಮಾನ್ಯವಾಗಿ 5.6ಕ್ಕಿಂತ ಅಗಲವಾಗುವುದಿಲ್ಲ. 2.8ರಿಂದ 5.6ಕ್ಕೆ ಎರಡು ಸ್ಟಾಪ್ ನಷ್ಟ. ಅಂದರೆ ಐಎಸ್‌ಒ 6400 ಆಗಬೇಕು, ಇಲ್ಲವೇ ಶಟರ್ 1/60ಕ್ಕೆ ಇಳಿಯಬೇಕು. ಈ ಗೋಡೆಗೆ ತಲೆ ತಾಗಿದ ಮೇಲೆ ಅಗಲ ಕಂಡಿಯ ಲೆನ್ಸ್ ಕೊಳ್ಳಿ. ಬೇರೆ ಪರಿಕರಗಳಿಗೂ ನಾನು ಹೇಳುವುದು ಇದನ್ನೇ. ಯಾವ ಸೆಟ್ಟಿಂಗ್ ಎಲ್ಲಿ ಮುಗಿದುಹೋಯಿತು ಅಂತ ಗೊತ್ತಾಗುವ ತನಕ ದುಡ್ಡು ಬಿಚ್ಚಬೇಡಿ.

ಎಲ್‌ಇಡಿಯ ಕಾಟ

ಇದನ್ನು ಹೊಸಬರಿಗೆ ಯಾರೂ ಹೇಳುವುದಿಲ್ಲ. ನಮ್ಮ ಕರೆಂಟು 50 ಹರ್ಟ್ಸ್. ಅದರಲ್ಲಿ ಉರಿಯುವ ಎಷ್ಟೋ ಅಗ್ಗದ ಎಲ್‌ಇಡಿ ಮತ್ತು ಟ್ಯೂಬ್‌ಲೈಟುಗಳು ಸೆಕೆಂಡಿಗೆ 100 ಸಲ ಹೊಳೆದು ಮಂಕಾಗುತ್ತವೆ. ಕಣ್ಣಿಗೆ ಕಾಣುವುದಿಲ್ಲ. 1/500ರಲ್ಲಿ ತೆಗೆದ ಕ್ಯಾಮೆರಾಕ್ಕೆ ಕಾಣುತ್ತದೆ. ಒಂದರ ಹಿಂದೆ ಒಂದು ತೆಗೆದ ಚಿತ್ರಗಳಲ್ಲಿ ಒಂದು ಬೆಳಕು, ಒಂದು ಕಪ್ಪು, ಇನ್ನೊಂದು ಹಳದಿ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸಿದರಂತೂ ಚಿತ್ರದ ಅಡ್ಡಕ್ಕೆ ಪಟ್ಟೆಪಟ್ಟೆ ಬೀಳಬಹುದು. ಕ್ಯಾಮೆರಾ ಕೆಟ್ಟಿದೆ ಅಂತ ಸರ್ವಿಸ್ ಸೆಂಟರಿಗೆ ಓಡಬೇಡಿ.

ಪೂರ್ವರಂಗದಲ್ಲೇ ಬಟನ್ ಒತ್ತಿಹಿಡಿದು ಹತ್ತು ಚಿತ್ರ ತೆಗೆದು ಹೋಲಿಸಿ. ಬೆಳಕು ಜಿಗಿದಾಡುತ್ತಿದ್ದರೆ ಮೆಕ್ಯಾನಿಕಲ್ ಶಟರಿಗೆ ಬನ್ನಿ. ಆಂಟಿ ಫ್ಲಿಕರ್ ಸೌಲಭ್ಯ ಇದ್ದರೆ ಆನ್ ಮಾಡಿ. ಅದೂ ಇಲ್ಲದಿದ್ದರೆ 1/100 ಅಥವಾ 1/50. ಆಗ ದೀಪದ ಒಂದು ಪೂರ್ತಿ ಸುತ್ತು ಚಿತ್ರದೊಳಗೆ ಬರುವುದರಿಂದ ಬೆಳಕು ಸಮವಾಗುತ್ತದೆ. ಧೀಂಗಿಣ ನಿಲ್ಲಿಸುವ ಆಸೆ ಮಾತ್ರ ಆ ದಿನಕ್ಕೆ ಬಿಡಬೇಕಾಗುತ್ತದೆ.

ಅದೇ ಲೆಕ್ಕ, ಹಗಲಲ್ಲಿ

ರಂಗನತಿಟ್ಟಿನ ದೋಣಿಯಲ್ಲಿ ಕೂತು ಗಾಢ ಹಸಿರಿನ ಮುಂದೆ ಕೂತ ಬೆಳ್ಳಕ್ಕಿಯನ್ನು ತೆಗೆಯಿರಿ. ಬಯಲಾಟದ ಸಮಸ್ಯೆಯೇ ಮತ್ತೆ ಬಂತು. ಸುತ್ತಲಿನ ಗಾಢ ಬಣ್ಣ ನೋಡಿ ಮೀಟರ್ ಮೋಸಹೋಗುತ್ತದೆ, ಹಕ್ಕಿಯ ಗರಿಗಳೆಲ್ಲ ಬಿಳಿ ಮುದ್ದೆಯಾಗುತ್ತವೆ. ಎಕ್ಸ್‌ಪೋಶರ್ ಕಾಂಪನ್ಸೇಶನ್, ಅಂದರೆ ಮೀಟರಿನ ಅಳತೆಯನ್ನು ಏರಿಸಿ ಇಳಿಸುವ ಸೌಲಭ್ಯವನ್ನು, ಮೈನಸ್ 1ಕ್ಕೆ ಇಡಿ; ಪೂರ್ತಿ ಮ್ಯಾನ್ಯುಯಲ್ ಮೋಡಿನಲ್ಲಿದ್ದರೆ ಮೀಟರ್ ಹೇಳಿದ್ದಕ್ಕಿಂತ ಒಂದು ಸ್ಟಾಪ್ ನೀವೇ ಇಳಿಸಿ. ಅದೇ ಹಕ್ಕಿ ಬೆಳ್ಳನೆಯ ಆಕಾಶಕ್ಕೆ ಹಾರಿತೋ, ಪ್ಲಸ್ 1ಕ್ಕೆ ತಿರುಗಿಸಬೇಕು. ಹಾರುವ ಹಕ್ಕಿಗೆ 1/1000ಕ್ಕಿಂತ ಕಡಿಮೆ ಶಟರ್ ನಂಬಬೇಡಿ. ಅಲುಗುವ ದೋಣಿಯಲ್ಲಿ ಟ್ರೈಪಾಡ್ ಕೆಲಸಕ್ಕೆ ಬರುವುದಿಲ್ಲ, ಸುಮ್ನೆ ಹೊರೆ.

ಜೋಗದಲ್ಲಿ ಸಮಸ್ಯೆ ತಿರುಗಾಮುರುಗಾ. ನೀರು ಹಾಲಿನಂತೆ ನುಣ್ಣಗೆ ಬರಬೇಕು ಅಂದರೆ ಶಟರ್ ಒಂದು ಸೆಕೆಂಡಿನಷ್ಟು ತೆರೆದಿರಬೇಕು. ಮಳೆಗಾಲದ ಮೋಡದಲ್ಲೂ ಐಎಸ್‌ಒ 100, ಎಫ್ 11 ಇಟ್ಟರೆ ಶಟರ್ 1/50ರ ಹತ್ತಿರವೇ ಬರುತ್ತದೆ. ಸೆಟ್ಟಿಂಗ್ ಇಲ್ಲಿಗೆ ಮುಗಿಯಿತು. ಎನ್‌ಡಿ ಫಿಲ್ಟರ್ ಬೇಕಾಗುವುದು ಆಗ. ಎನ್‌ಡಿ 64 ಬೆಳಕನ್ನು 64ರಲ್ಲಿ ಒಂದು ಪಾಲಿಗೆ ಇಳಿಸುತ್ತದೆ, ಅಂದರೆ ಆರು ಸ್ಟಾಪ್. 1/50 ಒಂದು ಸೆಕೆಂಡಿಗಿಂತ ತುಸು ಜಾಸ್ತಿ ಆಗುತ್ತದೆ. ಟ್ರೈಪಾಡ್ ಬೇಕೇ ಬೇಕು ಅನ್ನುವುದೂ ಇಲ್ಲೇ. ಬಟನ್ ಒತ್ತುವಾಗ ಅಲುಗದಂತೆ 2 ಸೆಕೆಂಡಿನ ಟೈಮರ್ ಹಾಕಿದರೆ ಬೇರೆ ರಿಮೋಟ್ ಕೊಳ್ಳುವ ಖರ್ಚು ಉಳಿಯಿತು. ಪೋಲರೈಸರ್ ಫಿಲ್ಟರ್ ಇದ್ದರೆ ಒದ್ದೆ ಬಂಡೆ, ಎಲೆಗಳ ಮೇಲಿನ ಹೊಳಪು ಕಡಿಮೆಯಾಗಿ ಹಸಿರು ಚೆನ್ನಾಗಿ ಕಾಣುತ್ತದೆ. ನೋಡಿಕೊಂಡು ತಿರುಗಿಸಿ, ಕಾಮನಬಿಲ್ಲು ಇದ್ದರೆ ಅದನ್ನೂ ಮಾಯ ಮಾಡಿಬಿಡುತ್ತದೆ.

ಆಟಕ್ಕೆ ಏನು ಒಯ್ಯಬೇಕು

ಟ್ರೈಪಾಡ್ ಮನೆಯಲ್ಲಿರಲಿ. ಮೂರು ಕಾಲು ಅಗಲಿಸಿ ನಿಂತರೆ ಹಿಂದಿನವರು ಬೈಯುತ್ತಾರೆ, ಬೈಯಬೇಕಾದದ್ದೇ. ಭಾರದ ಲೆನ್ಸ್ ಇದ್ದರೆ ಒಂಟಿಕಾಲಿನ ಮಾನೋಪಾಡ್ ಸಾಕು. ಲೆನ್ಸ್ ಹುಡ್ ಹಾಕಿಕೊಳ್ಳಿ, ಪಕ್ಕದ ದೀಪದ ಬೆಳಕು ಲೆನ್ಸಿಗೆ ನುಗ್ಗುವುದು ತಪ್ಪುತ್ತದೆ. ಅಂಗಡಿಯವರು ಕಾವಲಿಗೆ ಅಂತ ಕೊಟ್ಟ ಯುವಿ ಫಿಲ್ಟರ್ ಇದ್ದರೆ ರಾತ್ರಿ ಬಿಚ್ಚಿಡಿ. ಅದರಿಂದ ದೀಪಗಳ ಪ್ರತಿಬಿಂಬ ಹಸಿರು ಚುಕ್ಕಿಗಳಾಗಿ ಚಿತ್ರದಲ್ಲಿ ಬೀಳುತ್ತದೆ. ಎರಡನೇ ಬ್ಯಾಟರಿ, ಎರಡನೇ ಕಾರ್ಡು ಜೇಬಲ್ಲಿರಲಿ. ಡಿಸೆಂಬರಿನ ರಾತ್ರಿ ಇಬ್ಬನಿಗೆ ಲೆನ್ಸ್ ಮಂಜಾಗುತ್ತದೆ, ಒರೆಸಲು ಮೈಕ್ರೊಫೈಬರ್ ಬಟ್ಟೆ ಬೇಕು. ಅಂಗಿಯ ಅಂಚಲ್ಲಿ ಒರೆಸಬೇಡಿ.

ಕಲಾವಿದರು ಬಣ್ಣ ಹಚ್ಚಿಕೊಳ್ಳುವ ಚೌಕಿಯೊಳಗೆ ಹೋಗುವುದಾದರೆ ಕೇಳಿಯೇ ಹೋಗಿ. ಕಲಾವಿದರು ಕನ್ನಡಿ ಹಿಡಿದು, ಅಕ್ಕಿಹಿಟ್ಟಿನ ಚುಟ್ಟಿಯನ್ನು ಚುಕ್ಕಿಚುಕ್ಕಿಯಾಗಿ ಮುಖಕ್ಕೆ ಇಡುವುದನ್ನು ತೆಗೆಯಲು ನಿಮ್ಮ 18-55 ಲೆನ್ಸೇ ಸರಿಯಾದದ್ದು. ಅಷ್ಟು ಇಕ್ಕಟ್ಟಿನ ಜಾಗದಲ್ಲಿ 50ರ ಲೆನ್ಸಿಗೆ ಹಿಂದೆ ಸರಿಯಲು ಜಾಗ ಸಿಗುವುದಿಲ್ಲ. ಅಲ್ಲಿನ ಬಲ್ಬಿನ ಬೆಳಕು ಬೇರೆ, ಮತ್ತೆ ಮೊದಲಿಂದ ಅಳತೆ ಮಾಡಿ. ರಂಗಸ್ಥಳಕ್ಕೆ ವಾಪಸ್ ಬಂದಾಗ ಹಳೆಯ ಸೆಟ್ಟಿಂಗಿಗೆ ಮರಳಲು ಮರೆಯಬೇಡಿ.

ಆಟದ ಋತು ಮುಗಿಯುವ ದಿನವಾದ ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲ. ಲೆನ್ಸಿಗೆ ಬೂಸ್ಟು ಹಿಡಿಯುವ ಕಾಲ. ಬಟ್ಟೆಯ, ಚರ್ಮದ ಚೀಲದಲ್ಲಿ ಮುಚ್ಚಿ ಕಪಾಟಿನಲ್ಲಿ ಇಟ್ಟರೆ ಕೆಡುವುದು ಬೇಗ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ನೀಲಿ ಹರಳು ಗುಲಾಬಿಯಾದರೆ ತೇವ ಕುಡಿದು ತುಂಬಿದೆ ಅಂತ ಅರ್ಥ, ಹೊಸದು ಹಾಕಿ. ವಾರಕ್ಕೊಮ್ಮೆ ಹೊರತೆಗೆದು ನಾಲ್ಕು ಚಿತ್ರ ತೆಗೆಯಿರಿ. ಗಾಜಿನ ಒಳಗೆ ಜೇಡರ ಬಲೆಯಂಥ ಎಳೆ ಕಂಡರೆ ನೀವೇ ಬಿಚ್ಚಲು ಹೋಗದೆ ರಿಪೇರಿಯವರ ಹತ್ತಿರ ಕೊಂಡುಹೋಗಿ. ಆ ಲೆನ್ಸನ್ನು ಬೇರೆ ಲೆನ್ಸುಗಳ ಡಬ್ಬಿಯಲ್ಲಿ ಮಾತ್ರ ಇಡಬೇಡಿ.